ಬಸಲಿಂಗವ್ವನ ಮನೆಗೆ ಇಪ್ಪತ್ತೊಂಬತ್ತು ಕೋಣೆ

ಬಸಲಿಂಗವ್ವನ ಮನೆ ಊರಿನಿಂದ ದೂರ ಹೋಗುತ್ತಿದೆ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ಅದರಲ್ಲಿ ನನ್ನ ಜಾಣತನವೇನೂ ಇಲ್ಲ. ಮನೆಯಿಂದ ಮನೆಗೆ ಹಗ್ಗ ಹಿಡಿದು ಅಳೆಯುವುದೇ ನನ್ನ ಕೆಲಸ. ನನ್ನ ಹೆಸರು ಶಿವಲೀಲಾ. ನನಗಿಂತ ಮೊದಲು ನಮ್ಮಪ್ಪ ಅಳೆಯುತ್ತಿದ್ದ. ಹಗ್ಗವೂ ಅವನದೇ, ನೂರೈವತ್ತು ಮಾರು ಉದ್ದ, ಮಾರಿಗೊಂದು ಗಂಟು. ಆ ಗಂಟುಗಳು ಅವನ ಕೈಯಲ್ಲಿ ಸವೆದು, ಆಮೇಲೆ ನನ್ನ ಕೈಯಲ್ಲಿ ಸವೆದು ಬೆಣ್ಣೆಯುಂಡೆಯ ಹಾಗೆ ನುಣ್ಣಗಾಗಿದ್ದವು. ಕಣ್ಣು ಮುಚ್ಚಿಕೊಂಡು ಹಗ್ಗ ಎಳೆದರೂ ಎಷ್ಟನೆಯ ಗಂಟು ಎಂದು ಹೇಳುತ್ತಿದ್ದೆ.

ಅಳೆಯಬೇಕು ಏಕೆಂದರೆ ನಮ್ಮೂರಿನ ಮನೆಗಳು ಇಟ್ಟಲ್ಲಿ ಇರುವುದಿಲ್ಲ. ಊರು ನಿಂತಿರುವುದು ಮಂಜುಗಡ್ಡೆಯ ಮೇಲೆ. ಮಂಜುಗಡ್ಡೆಯ ಕೆಳಗೆ ನೀರು. ನೆತ್ತಿಯ ಮೇಲೆ ದೊಡ್ಡವ್ವ. ನಮ್ಮ ಈ ಪುಟ್ಟ ನೆಲ ಸುತ್ತುವುದು ಆಕೆಯನ್ನೇ. ಬೂದು ಬಣ್ಣದ ದುಂಡು ಮುಖ, ಒಂದು ಕೆನ್ನೆಯ ಮೇಲೆ ಕೆಂಪು ಮಚ್ಚೆ. ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ, ಊರ ನಡುವಿನ ಬಿಸಿನೀರಿನ ಹಬೆಬಾವಿಯ ಮೇಲೆ ನಿಂತಲ್ಲೇ ನಿಂತು ನಮ್ಮನ್ನು ನೋಡುತ್ತಿರುತ್ತಾಳೆ. ಅಡಿವೆಪ್ಪ ಮಾಸ್ತರರ ಬಳಿಯಿರುವ ಹಳೆಯ ಪುಸ್ತಕದಲ್ಲಿ ಆಕೆಯನ್ನು ಕುಬ್ಜ ಗ್ರಹ ಎಂದು ಬರೆದಿದೆಯಂತೆ. ಬರೆದವರು ಬಹಳ ದೂರದಲ್ಲಿ ನಿಂತು ನೋಡಿರಬೇಕು. ಅಷ್ಟಗಲ ಆಕಾಶ ತುಂಬಿಕೊಂಡು ಕೂತವಳನ್ನು ಕುಬ್ಜೆ ಎನ್ನಲು ನಮಗಂತೂ ಬಾಯಿ ಬರುವುದಿಲ್ಲ. ಅದೇ ಪುಸ್ತಕದಲ್ಲಿ ಸೂರ್ಯನ ಬಗ್ಗೆ ಹತ್ತು ಪುಟ ಇದೆ. ನಮಗೆ ಸೂರ್ಯ ಎಂದರೆ ಉಳಿದವಕ್ಕಿಂತ ಸ್ವಲ್ಪ ಚುರುಕಾದ ಒಂದು ಚುಕ್ಕಿ.

ದೊಡ್ಡವ್ವ ಹತ್ತಿರ ಬಂದಾಗ ಮಂಜುಗಡ್ಡೆ ಉಬ್ಬುತ್ತದೆ, ದೂರ ಹೋದಾಗ ತಗ್ಗುತ್ತದೆ. ಆ ಉಬ್ಬು ತಗ್ಗಿನಲ್ಲಿ ಮನೆಗಳು ಮೆಲ್ಲಗೆ ಸರಿಯುತ್ತವೆ. ಈ ವರ್ಷ ಎಡಕ್ಕಿರುವ ಕಮ್ಮಾರರ ಮನೆ ನಾಲ್ಕು ವರ್ಷಕ್ಕೆ ಬಲಕ್ಕೆ ಬಂದಿರುತ್ತದೆ. ಎರಡು ಮನೆಗಳ ಗೋಡೆ ತಾಗಿದರೆ ನಡುವೆ ಬಾಗಿಲು ಕೊರೆಯಬೇಕು, ಅಂದಿನ ಅಡಿಗೆ ಒಂದೇ ಒಲೆಯ ಮೇಲೆ ಆಗಬೇಕು, ಅಂದಿನಿಂದ ಅವು ಒಂದೇ ಮನೆ. ಮತ್ತೆ ಬೇರೆಯಾದಾಗ ಅತ್ತುಕೊಂಡು ಬಾಗಿಲು ಮುಚ್ಚುತ್ತೇವೆ. ನಮ್ಮ ಮನೆಯ ಗೋಡೆಗಳಲ್ಲಿ ಹಾಗೆ ಮುಚ್ಚಿದ ಬಾಗಿಲು ಐದಿವೆ. ಮನೆಯನ್ನು ಮಾತ್ರ ಯಾರೂ ಜಗ್ಗಬಾರದು, ತಳ್ಳಬಾರದು, ಗೂಟ ಹೊಡೆದು ಹಗ್ಗ ಬಿಗಿದು ನಿಲ್ಲಿಸಬಾರದು. ಹಿಂದೆ ಒಂದು ಸಲ ಎಲ್ಲರೂ ತಂತಮ್ಮ ಮನೆಯನ್ನು ಹಬೆಬಾವಿಯ ಬೆಚ್ಚನೆಯ ಕಡೆಗೆ ಎಳೆದುಕೊಳ್ಳಲು ಹೋಗಿ, ಗೋಡೆಗಳ ನಡುವೆ ಸಿಕ್ಕಿ ಹನ್ನೊಂದು ಜನ ಸತ್ತರು. ಅಂದಿನಿಂದ ದೊಡ್ಡವ್ವ ಎಲ್ಲಿಗೆ ಒಯ್ಯುತ್ತಾಳೋ ಮನೆ ಅಲ್ಲಿಗೆ ಹೋಗಬೇಕು, ಮನೆಯ ಹಿಂದೆ ಮನೆಯವರು ಹೋಗಬೇಕು.

ಬಸಲಿಂಗವ್ವ ನಮ್ಮೂರಿನ ಸೂಲಗಿತ್ತಿ. ನಲವತ್ತೊಂದು ವರ್ಷದಿಂದ ಊರಿನಲ್ಲಿ ಹುಟ್ಟಿದ ಒಂದೊಂದು ಕೂಸೂ ಆಕೆಯ ಕೈಗೇ ಬಂದದ್ದು. ಅಗಲವಾದ ಕೈ, ಅದಕ್ಕಿಂತ ಅಗಲವಾದ ಬಾಯಿ. ನಮ್ಮ ನೆಲ ಬಹಳ ಹಗುರ, ಮೇಲಕ್ಕೆಸೆದ ರೊಟ್ಟಿ ಕೆಳಗೆ ಬರುವುದರೊಳಗೆ ಕೈ ತೊಳೆದುಕೊಂಡು ಬರಬಹುದು. ಹಸುಗೂಸುಗಳನ್ನು ತೊಟ್ಟಿಲಿಗೆ ಪಟ್ಟಿ ಹಾಕಿ ಕಟ್ಟದಿದ್ದರೆ ಸೀನಿದ ರಭಸಕ್ಕೇ ಮೇಲೇಳುತ್ತವೆ. ಹಾಗಾಗಿ ಇಲ್ಲಿ ಹೆರಿಗೆ ಮಾಡಿಸುವುದು ಹಿಡಿಯುವ ಕೆಲಸ. ಬಸಲಿಂಗವ್ವನ ಕೈಯಿಂದ ಒಂದು ಕೂಸೂ ಜಾರಿದ್ದಿಲ್ಲ. ಅದೇ ಅಧಿಕಾರದ ಮೇಲೆ ಆಕೆ ಊರಿನ ದೊಡ್ಡ ದೊಡ್ಡ ಗಂಡಸರನ್ನೂ ನಡುಬೀದಿಯಲ್ಲಿ ನಿಲ್ಲಿಸಿ ಬಯ್ಯುತ್ತಿದ್ದಳು.

ಆಕೆಯ ಗಂಡ ಗುರುಶಾಂತಪ್ಪ ಊರಿಗೆಲ್ಲ ರೊಟ್ಟಿ ಸುಡುತ್ತಿದ್ದರು. ಅವರ ಅಜ್ಜ ಕಟ್ಟಿದ ದೊಡ್ಡ ಕಲ್ಲೊಲೆ ಮನೆಯ ಹಿಂಭಾಗದಲ್ಲಿತ್ತು, ಅದು ಆರಿದ್ದನ್ನು ನಾನು ನೋಡಿಲ್ಲ. ಅವರು ದಿನಕ್ಕೆ ಹತ್ತು ಮಾತು ಆಡಿದರೆ ಅದೇ ಹೆಚ್ಚು. ‘ನನ್ನ ಪಾಲಿನ ಮಾತೂ ಅಕಿನ ಆಡತಾಳಲ್ಲ’ ಎಂದು ಒಂದು ಸಲ ಹೇಳಿದ್ದರು. ಅದರಲ್ಲಿ ದೂರಿನ ದನಿ ಇರಲಿಲ್ಲ.

ಆ ತಿಂಗಳು ಅಳೆದಾಗ ನಮ್ಮ ಮನೆಗೂ ಅವರ ಮನೆಗೂ ನಡುವೆ ನೂರಾ ನಲವತ್ತು ಮಾರು ಬಂತು. ಊರಂಚಿನಲ್ಲಿ ನಮ್ಮದೇ ಕೊನೆಯ ಮನೆ, ಅಲ್ಲಿಂದಾಚೆ ಒಂಟಿಯಾಗಿ ನಿಂತದ್ದು ಅವರದು. ದೂರ ಇದ್ದರೆ ಇರಲಿ, ನಾನು ಹಗ್ಗ ಕೆಳಗಿಟ್ಟು ಬಗ್ಗಿ ನೋಡಿದ್ದು ಬೇರೆಯದನ್ನು. ಮಂಜುಗಡ್ಡೆಯಲ್ಲಿ ಕೂದಲೆಳೆಯಷ್ಟಿದ್ದ ಒಂದು ಗೀರು ಎರಡು ಬೆರಳು ಅಗಲವಾಗಿತ್ತು. ಅದು ಸರಿಯಾಗಿ ಅವರ ಮನೆಯ ನಟ್ಟನಡುವಿನ ಕೆಳಗೆ ಹಾದುಹೋಗಿತ್ತು. ಮುಂಬಾಗಿಲು ಈಚೆ, ಒಲೆ ಆಚೆ. ದೊಡ್ಡವ್ವ ಉಬ್ಬುವ ದಿನ ಅದು ಬಾಯಿ ಬಿಡುತ್ತದೆ, ಆಚೆಯ ಗಡ್ಡೆ ಕಳಚಿಕೊಂಡು ಹೊರಡುತ್ತದೆ, ಒಲೆಯ ಭಾರಕ್ಕೆ ಮನೆಯೂ ಅದರ ಜೊತೆಗೇ ಹೋಗುತ್ತದೆ. ನನ್ನ ಕಾಲದಲ್ಲೇ ಹಾಗೆ ಎರಡು ಮನೆ ಹೋಗಿದ್ದವು. ಕೈ ಬೀಸಿ ಕಳಿಸಿದ್ದೆವು. ಆ ಕಡೆಯಿಂದ ತಿರುಗಿ ಬಂದವರಿಲ್ಲ.

ಅಳತೆಯನ್ನು ಅಂದೇ ಊರಿಗೆ ಸಾರಬೇಕಿತ್ತು. ನಾನು ಹಗ್ಗ ಸುತ್ತಿ ಮನೆಗೆ ಬಂದು ಬಾಯಿ ಮುಚ್ಚಿಕೊಂಡು ಕೂತೆ. ಮಗಳು ಕಸ್ತೂರಿ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು, ಎಂಟು ತಿಂಗಳು. ಅವಳು ದಿನಾ ಬಸಲಿಂಗವ್ವನ ಹತ್ತಿರ ಹೋಗಿ ಹೊಟ್ಟೆ ನೀವಿಸಿಕೊಂಡು, ಬಿಸಿ ರೊಟ್ಟಿ ತಿಂದು, ನಗುತ್ತ ಬರುತ್ತಿದ್ದಳು. ಅವಳ ಮುಖ ನೋಡಿದಾಗಲೆಲ್ಲ ನಾಳೆ ಹೇಳಿದರಾಯಿತು ಅಂದುಕೊಳ್ಳುತ್ತಿದ್ದೆ. ಎಂಟು ದಿನ ಹೀಗೇ ಕಳೆಯಿತು. ಒಂಬತ್ತನೆಯ ದಿನ ಬೆಳಿಗ್ಗೆ ತಡೆಯಲಾರದೆ ನಾನೇ ಅವರ ಮನೆಗೆ ಹೋದೆ.

“ಏನವಾ ಲೀಲಾ, ಯಾರೋ ಸತ್ತೋರಂಗ ಮಾರಿ ಮಾಡ್ಕೊಂಡು ನಿಂತೀಯಲ್ಲ?” ಎಂದಳು ಬಸಲಿಂಗವ್ವ.

ಹೇಳಿದೆ. ಗೀರು ತೋರಿಸಿದೆ. ಆಕೆ ಬಗ್ಗಿ ನೋಡಿ, ಅದರೊಳಗೆ ಬೆರಳು ತೂರಿಸಿ, ಎದ್ದು ಸೆರಗಿಗೆ ಕೈ ಒರೆಸಿಕೊಂಡಳು.

“ಕಸ್ತೂರಿದು ಆಗೂಮಟ ಇದು ತಡಿತೈತೇನು?”

“ಇಲ್ರಿ ಅಕ್ಕಾ. ಉಬ್ಬಿಗೆ ಇನ್ನ ಇಪ್ಪತ್ತಾರ ದಿನಾ ಅಷ್ಟ. ಅಕಿದೂ ಅದ ವ್ಯಾಳ್ಯಾ.”

ಆಗ ಮಾತ್ರ ಆಕೆಯ ಮುಖ ಸಣ್ಣದಾಯಿತು. ನಮ್ಮ ಮನೆಗೆ ಬಂದು ಇದ್ದುಬಿಡಿ ಎಂದು ನಾನು ಕೈ ಹಿಡಿದೆ.

“ಅವರು ಒಲಿ ಬಿಟ್ಟು ಬರಂಗಿಲ್ಲ, ನಾ ಅವರನ್ನ ಬಿಟ್ಟು ಬರಂಗಿಲ್ಲ,” ಎಂದಳು ಬಸಲಿಂಗವ್ವ. “ಆ ಕಡಿನೂ ಮಂದಿ ಇರಬೇಕಲ್ಲ, ಬಸರಾಗವ್ರು ಇರಬೇಕಲ್ಲ. ಕೈಗೆ ಕೆಲಸಂತೂ ಸಿಗತೈತಿ. ನೀ ಹೋಗಿ ಊರಿಗೆ ಹೇಳು, ಮುಚ್ಚಿಡಬ್ಯಾಡ.”

ಒಳಗೆ ಗುರುಶಾಂತಪ್ಪ ರೊಟ್ಟಿ ತಟ್ಟುತ್ತಿದ್ದರು. ತಟ್ಟುವ ಸದ್ದು ಸ್ವಲ್ಪ ಹೊತ್ತು ನಿಂತು, ಮತ್ತೆ ಶುರುವಾಯಿತು.

ಅಂದೇ ಮಧ್ಯಾಹ್ನ ಹಬೆಬಾವಿಯ ಕಟ್ಟೆಯ ಸುತ್ತ ಊರು ಸೇರಿತು. ಊರಿನ ನಿಯಮಗಳ ಪುಸ್ತಕ ಇರುವುದು ಅಡಿವೆಪ್ಪ ಮಾಸ್ತರರ ಬಳಿ. ಎಪ್ಪತ್ತು ವರ್ಷ, ಮದುವೆಯಾದವರಲ್ಲ, ಮನೆಯಲ್ಲಿ ಒಲೆ ಹೊತ್ತಿಸಿದವರಲ್ಲ, ದಿನಕ್ಕೊಂದು ಮನೆಯಂತೆ ಪಾಳಿಯ ಮೇಲೆ ಊಟ ಮಾಡಿ ಊರಿನ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವರು. ನಾನು ಅಳತೆ ಹೇಳಿ, ಎಂಟು ದಿನ ಮುಚ್ಚಿಟ್ಟದ್ದನ್ನೂ ಹೇಳಿದೆ.

“ಯಾಕ ಮುಚ್ಚಿಟ್ಟಿ?” ಎಂದರು ಮಾಸ್ತರರು.

“ಹೇಳಾಕ ಬಾಯಿ ಬರಲಿಲ್ರಿ.”

“ಅಳಿಯಾಕಿಗೆ ಬಾಯಿ ಬರಲಿಲ್ಲ ಅಂದ್ರ ಊರು ಕುರುಡಾಗ್ತದ ಶಿವಲೀಲಾ. ಇದೊಂದ ಸಲ ಬಿಟ್ಟೀನಿ.”

ಕಮ್ಮಾರ ಮೌನೇಶ ಎದ್ದು ನಿಂತ. “ಎಲ್ಲಾರೂ ಸೇರಿ ಜಗ್ಗಿದ್ರ ಆ ಮನಿ ಒಂದ ತಾಸಿನ್ಯಾಗ ಇಲ್ಲಿರತೈತ್ರಿ. ನಾವು ಹುಟ್ಟಿದ್ದ ಅಕಿ ಕೈಯಾಗ. ಸುಮ್ಮ ನೋಡ್ಕೋತ ಕುಂದರೂದೇನು?”

“ಆ ಹನ್ನೊಂದು ಮಂದಿ ಹೆಸರು ಓದ್ಲೇನು?” ಎಂದರು ಮಾಸ್ತರರು. ಗದರಿಸಿ ಹೇಳಲಿಲ್ಲ. ಅದರಲ್ಲಿ ಮೊದಲ ಹೆಸರು ಮೌನೇಶನ ಮುತ್ತಜ್ಜನದು, ಎರಡನೆಯದು ಮಾಸ್ತರರ ಮುತ್ತಜ್ಜಿಯದು. ಮೌನೇಶ ಕೂತುಬಿಟ್ಟ.

ಆಗ ಹಿಂದಿನಿಂದ ಒಂದು ಸಣ್ಣ ದನಿ ಬಂತು. ಯಾರದೆಂದು ತಿಳಿಯಲು ಎಲ್ಲರೂ ತಿರುಗಿ ನೋಡಬೇಕಾಯಿತು. ಗುರುಶಾಂತಪ್ಪ, ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದು ನಿಂತಿದ್ದರು.

“ಮಾಸ್ತರ್ರ, ಎರಡ ಮನಿ ಕೂಡಿದ್ರ ಒಂದ ಮನಿ ಅಂತೈತಿ, ಹೌದಲ್ರಿ?”

“ಹೌದು.”

“ಆ ಮನಿ ಇಷ್ಟ ಉದ್ದಿರಬೇಕು, ಇಷ್ಟ ಅಗಲಿರಬೇಕು ಅಂತ ಏನರ ಐತ್ರಿ?”

ಮಾಸ್ತರರು ಪುಸ್ತಕ ತೆಗೆದು ಹಿಂದೆ ಮುಂದೆ ತಿರುವಿದರು. “ಇಲ್ಲ.”

“ಹಂಗಾರ ನಮ್ಮ ಮನಿಗೂ ಲೀಲವ್ವನ ಮನಿಗೂ ನಡುವ ಖೋಲಿ ಕಟ್ಟೂಣು. ಒಂದಕ್ಕೊಂದು ಹಚ್ಚಿ. ಎಲ್ಲಾ ಒಂದ ಮನಿ ಆದ ಮ್ಯಾಲ ದೊಡ್ಡವ್ವಗ ಒಯ್ಯೂದಿದ್ರ ಎಲ್ಲಾರನೂ ಒಯ್ಯಲಿ, ಬಿಡೂದಿದ್ರ ಎಲ್ಲಾರನೂ ಬಿಡಲಿ.”

ಅಷ್ಟು ಮಾತನ್ನು ಅವರು ಒಂದೇ ಉಸಿರಿಗೆ ಆಡಿದ್ದನ್ನು ಬಸಲಿಂಗವ್ವನೂ ಕೇಳಿರಲಿಲ್ಲವೆಂದು ಕಾಣುತ್ತದೆ. ಆಕೆ ಗಂಡನನ್ನು ಬಾಯಿ ತೆರೆದು ನೋಡುತ್ತ ನಿಂತಳು. ಆಮೇಲೆ ಎಚ್ಚೆತ್ತು, “ಬ್ಯಾಡ! ನಮ್ಮಿಬ್ಬರ ಸಲುವಾಗಿ ಊರಿಗೆ ಊರ ನೀರಪಾಲ ಆಗೂದು ಬ್ಯಾಡ” ಎಂದು ಕೂಗಿದಳು. ಮಾತು ನಿಜವಾಗಿತ್ತು. ಗಡ್ಡೆಯ ಜಗ್ಗು ಹೆಚ್ಚಾದರೆ ನಮ್ಮ ಮನೆ, ನಮ್ಮ ಹಿಂದಿನ ಮನೆ, ಅದರ ಹಿಂದಿನದು, ಸಾಲಾಗಿ ಎಲ್ಲ ಎಳೆದುಕೊಂಡು ಹೋಗಬಹುದಿತ್ತು.

ನನ್ನ ಪಕ್ಕ ಕೂತಿದ್ದ ಕಸ್ತೂರಿ ಸೊಂಟಕ್ಕೆ ಕೈಯಿಟ್ಟುಕೊಂಡು ಎದ್ದಳು. “ಆಯಿ, ನೀ ಸುಮ್ಮನ ಕುಂದ್ರು. ನಿನ್ನ ಯಾರೂ ಕೇಳಾಕತ್ತಿಲ್ಲ.”

ಬಸಲಿಂಗವ್ವನಿಗೆ ಎದುರು ಮಾತಾಡಿದವರು ಊರಿನಲ್ಲಿ ಅದುವರೆಗೆ ಒಬ್ಬರೂ ಇರಲಿಲ್ಲ. ಮೊದಲು ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಇಡೀ ಕಟ್ಟೆ ನಕ್ಕಿತು. ಆ ನಗೆಯಲ್ಲೇ ತೀರ್ಮಾನವೂ ಆಗಿಹೋಯಿತು. ಮಾಸ್ತರರು ಮಾತ್ರ ಪುಸ್ತಕ ಮುಚ್ಚದೆ ಬೆರಳೆತ್ತಿದರು. “ಬರೇ ಗೋಡಿ ಎಬ್ಬಿಸಿದ್ರ ಅದು ಮನಿ ಅಲ್ಲ. ಖೋಲಿಗೊಂದು ಹೊಸ್ತಿಲ ಬೇಕು, ಒಲಿ ಬೇಕು, ಆ ಒಲಿ ಮ್ಯಾಲ ಬೇಯಿಸಿ ತಿಂದು ಅಲ್ಲೇ ಮಲಗಾವ್ರು ಬೇಕು. ನಾ ಒಂದೊಂದನ್ನೂ ಬಂದು ನೋಡಾವ.”

ಐದು ಮಾರಿಗೊಂದರಂತೆ ಇಪ್ಪತ್ತೆಂಟು ಕೋಣೆ ಎಂದು ಲೆಕ್ಕ ಹಾಕಿದೆವು. ಮರುದಿನ ಬೆಳಿಗ್ಗೆಯಿಂದ ಕೆಲಸ ಹಿಡಿಯಿತು. ನನ್ನ ಗಂಡ ಹಬೆಬಾವಿಯ ಕೆಲಸದವರು, ಕುದಿಯುವ ನೀರನ್ನು ಹಂಡೆ ಹಂಡೆ ತುಂಬಿ ಕಳಿಸಿದರು. ಹಿಮವನ್ನು ಇಟ್ಟಿಗೆಯಂತೆ ಕೊರೆದು ಜೋಡಿಸಿ, ಮೇಲೆ ಬಿಸಿನೀರು ಸುರಿದರೆ ಹತ್ತು ಎಣಿಸುವುದರೊಳಗೆ ಕಲ್ಲಾಗುತ್ತಿತ್ತು. ಹೆಂಗಸರು ಒಬ್ಬೊಬ್ಬರೂ ತಲೆಯ ಮೇಲೆ ಎರಡು ಹಂಡೆ, ಕಂಕುಳಲ್ಲಿ ಒಂದು ಹೊತ್ತು ಹಾರಿ ಹಾರಿ ಬರುತ್ತಿದ್ದರು. ಮೌನೇಶ ಬಾಗಿಲಿನ ಕೀಲುಗಳನ್ನು ಬಡಿದ. ಶಾಲೆ ಬಯಲಿಗೆ ಬಂತು, ಮಕ್ಕಳು ಇಟ್ಟಿಗೆ ಎಣಿಸುತ್ತ ಮಗ್ಗಿ ಕಲಿತರು.

ಕೋಣೆಗೊಂದು ಮನೆತನ ಹೆಸರು ಕೊಟ್ಟಿತು. ಯಾರ ಪಕ್ಕ ಯಾರು ಎನ್ನುವುದಕ್ಕೆ ಒಂದಿಷ್ಟು ಜಗಳವೂ ಆಯಿತು. ಹದಿನೇಳನೆಯ ಕೋಣೆಯನ್ನು ಹೊಸದಾಗಿ ಮದುವೆಯಾದ ಜೋಡಿಯೊಂದು ಹಿಡಿದಿತ್ತು. ಅತ್ತೆ ಮಾವ ನಾದಿನಿಯರೆಲ್ಲರ ಜೊತೆ ಒಂದೇ ಪಡಸಾಲೆಯಲ್ಲಿ ಮಲಗುತ್ತಿದ್ದವರು ಅವರು. ಕೋಣೆಗೆ ಸೂರು ಹಾಕುವ ಮೊದಲೇ ಹಾಸಿಗೆ ತಂದಿಟ್ಟರು, ಕೆಲಸವಿದ್ದರೂ ಹೊರಗೆ ಬರಲು ಒಲ್ಲೆ ಎಂದರು. ಮಾಸ್ತರರು ಕೋಣೆ ಕೋಣೆಗೂ ಬಂದು ಹೊಸ್ತಿಲು ದಾಟಿ, ಒಲೆಯ ಮುಂದೆ ಕೂತು, ಬೇಯಿಸಿದ್ದನ್ನು ತಿಂದು, ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರು. ಒಂದು ದಿನ ಆರು ಕೋಣೆಗಳು ಒಟ್ಟಿಗೆ ಮುಗಿದವು. ಆರು ಕಡೆಯೂ ಹುಗ್ಗಿ ಮಾಡಿದ್ದರು. ಆರನೆಯ ಕೋಣೆಯಲ್ಲಿ ಮಾಸ್ತರರು ತಟ್ಟೆಯನ್ನು ನೋಡಿ ಕಣ್ಣು ಮುಚ್ಚಿಕೊಂಡು, “ನಿಯಮ ಅಂದ್ರ ನಿಯಮ” ಎಂದು ತಮಗೆ ತಾವೇ ಹೇಳಿಕೊಂಡು ತಿಂದರು.

ಗೋಡೆಗಳು ಗಟ್ಟಿಯಾಗಿದ್ದವು, ಆದರೆ ಮಂಜುಗಡ್ಡೆಗೆ ಭಾರ ತಡೆಯುವ ಗುಣ ಇದೆ, ಜಗ್ಗು ತಡೆಯುವ ಗುಣ ಇಲ್ಲ. ಇದನ್ನು ಅಪ್ಪ ನನಗೆ ಚಿಕ್ಕಂದಿನಲ್ಲೇ ತೋರಿಸಿದ್ದ. ಬರೀ ಗಡ್ಡೆಯನ್ನು ಎಳೆದರೆ ಪಟ್ಟನೆ ಮುರಿಯುತ್ತದೆ, ಒಳಗೆ ನಾರು ಸೇರಿಸಿ ಗಟ್ಟಿಗೊಳಿಸಿದರೆ ಕೊಡಲಿಯಿಂದ ಹೊಡೆದರೂ ಬಿಡುವುದಿಲ್ಲ. ಮೂರು ದಿನ ಈ ಯೋಚನೆಯನ್ನು ನನ್ನಲ್ಲೇ ಇಟ್ಟುಕೊಂಡೆ. ಊರಿನಲ್ಲಿ ಈ ತುದಿಯಿಂದ ಆ ತುದಿಗೆ ಮುಟ್ಟುವ ಹಗ್ಗ ಒಂದೇ ಇತ್ತು. ನಾಲ್ಕನೆಯ ದಿನ ಅದನ್ನು ಹೆಗಲಿಗೆ ಹಾಕಿಕೊಂಡು ಮಾಸ್ತರರ ಮುಂದೆ ಹೋಗಿ ನಿಂತೆ.

“ಗ್ವಾಡಿ ಒಳಗ ಇದನ್ನ ಇಟ್ಟು ನೀರ ಹಾಕ್ತೀನ್ರಿ. ಹಗ್ಗಾ ಕಟ್ಟಿ ತಡದಂಗ ಆಗತೈತೇನ್ರಿ?”

ಅವರು ಹಗ್ಗವನ್ನು ಕೈಗೆ ತೆಗೆದುಕೊಂಡು ನಾಲ್ಕೈದು ಗಂಟುಗಳನ್ನು ಮುಟ್ಟಿ ನೋಡಿದರು. ಅಪ್ಪನೂ ಅವರೂ ಒಂದೇ ವಾರಿಗೆಯವರು.

“ತಮ್ಮ ಗೋಡಿ ಒಳಗ ಏನ ಹಾಕ್ಕೋತಾರ ಅನ್ನೂದು ಮನಿ ಮಂದಿ ಮಾತು. ಪುಸ್ತಕ ಅಲ್ಲಿ ಮೂಗು ತೂರಿಸೂದಿಲ್ಲ,” ಎಂದರು. ಹಗ್ಗವನ್ನು ನನ್ನ ಹೆಗಲಿಗೆ ಹಾಕುತ್ತ, “ಮುಂದ ಅಳಿಯೂದು?” ಎಂದು ಕೇಳಿದರು.

“ಹೊಸಾದ ಹೊಸಿತೀನ್ರಿ.”

ಅಷ್ಟು ಧೈರ್ಯವಾಗಿ ಹೇಳಿದೆನಾದರೂ, ಹಗ್ಗವನ್ನು ಗೋಡೆಯ ಸಂದಿನಲ್ಲಿ ಹಾಸಿ ಮೊದಲ ಹಂಡೆ ಸುರಿಯುವಾಗ ನಾನು ಮುಖ ತಿರುಗಿಸಿಕೊಂಡೆ. ನನ್ನ ಬದಲು ಕಸ್ತೂರಿ ಸುರಿದಳು.

ಉಬ್ಬಿಗೆ ಎರಡು ದಿನ ಇರುವಾಗ ಇಪ್ಪತ್ತೆಂಟನೆಯ ಕೋಣೆ ಮುಗಿಯಿತು. ಬಾಗಿಲು ತೆರೆದರೆ ಬಸಲಿಂಗವ್ವನ ಗೋಡೆ ಮುಟ್ಟಬೇಕಿತ್ತು. ಮುಟ್ಟಲಿಲ್ಲ. ನಾವು ಕಟ್ಟುತ್ತಿದ್ದಷ್ಟು ದಿನವೂ ಮನೆ ತನ್ನ ಪಾಡಿಗೆ ಸರಿಯುತ್ತಲೇ ಇತ್ತು. ಇನ್ನೂ ಐದು ಮಾರು ಬಯಲು ಉಳಿದಿತ್ತು. ಅಳೆಯುವವಳಾದ ನನಗೇ ಅದು ಹೊಳೆದಿರಲಿಲ್ಲ. ಗೋಡೆ ಎಬ್ಬಿಸಲು ಒಂದು ದಿನ ಸಾಕಿತ್ತು, ಹಗ್ಗವೂ ಅಲ್ಲಿಯವರೆಗೆ ಬರುತ್ತಿತ್ತು. ಆದರೆ ಆ ಕೋಣೆಗೆ ಜನ ಇರಲಿಲ್ಲ. ಊರಿನ ಮನೆತನಗಳೆಲ್ಲ ತಲಾ ಒಂದು ಕೋಣೆ ಹಿಡಿದಾಗಿತ್ತು, ಉಳಿದವರು ತಮ್ಮ ಮೂಲ ಮನೆಗಳ ಒಲೆ ಕಾಯಬೇಕಿತ್ತು.

“ಈ ಖೋಲಿ ನನ್ನ ಹೆಸರಿಗೆ ಬರೀರಿ,” ಎಂದರು ಅಡಿವೆಪ್ಪ ಮಾಸ್ತರರು.

ಮೌನೇಶ ನಕ್ಕುಬಿಟ್ಟ. 

“ಯಾಕ? ನನಗ ಒಲಿ ಹಚ್ಚಾಕ ಬರೂದಿಲ್ಲೇನು?”

ಬರುತ್ತಿರಲಿಲ್ಲ. ಗೋಡೆ ಎದ್ದ ಮೇಲೆ ಅವರು ಒಣಪಾಚಿಯ ಕುಳ್ಳುಗಳನ್ನು ಒಲೆಗೆ ತುಂಬಿ, ಅರ್ಧ ದಿನ ಊದಿ, ಇಪ್ಪತ್ತೆಂಟು ಕೋಣೆಗಳಿಗೂ ಹೊಗೆ ತುಂಬಿಸಿದರು. ಯಾರಿಗೂ ಸಹಾಯ ಮಾಡಲು ಬಿಡಲಿಲ್ಲ. ಕೊನೆಗೆ ಒಂದು ಪಾತ್ರೆ ಚಹಾ ಕಾಯಿಸಿದರು. ಮಸಿಯ ಬಣ್ಣ, ಮಸಿಯದೇ ರುಚಿ. ಮೊದಲ ಲೋಟವನ್ನು ಬಸಲಿಂಗವ್ವನ ಗೋಡೆ ಕೊರೆದು ಮಾಡಿದ ಬಾಗಿಲಿನೊಳಗಿಂದ ಗುರುಶಾಂತಪ್ಪನವರಿಗೆ ಕೊಟ್ಟರು. ಅವರು ಕುಡಿದು, “ಛಲೋ ಆಗೇತಿ” ಎಂದರು. ಅವರ ಬಾಯಿಂದ ಬಂದ ಒಂದೇ ಒಂದು ಸುಳ್ಳು ಅದಿರಬೇಕು. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು ಪುಸ್ತಕದಲ್ಲಿ ತಮಗೆ ತಾವೇ ಸಹಿ ಹಾಕಿಕೊಂಡರು.

ಉಬ್ಬಿನ ದಿನ ದೊಡ್ಡವ್ವನ ಮುಖ ಎಷ್ಟು ಹತ್ತಿರ ಬಂದಿತ್ತೆಂದರೆ ಕೆನ್ನೆಯ ಮಚ್ಚೆಯೊಳಗಿನ ಬೆಟ್ಟಗಳು ಕಾಣುತ್ತಿದ್ದವು. ಬೆಳಿಗ್ಗೆಯಿಂದಲೇ ಮಂಜುಗಡ್ಡೆ ನರಳತೊಡಗಿತು. ಊರೆಲ್ಲ ಅವರವರ ಕೋಣೆಯಲ್ಲಿ ಒಲೆ ಉರಿಸಿಕೊಂಡು ಕೂತಿತ್ತು. ಬಾಗಿಲುಗಳೆಲ್ಲ ತೆರೆದಿದ್ದವು. ನಮ್ಮ ಪಡಸಾಲೆಯಲ್ಲಿ ನಿಂತು ನೋಡಿದರೆ ಒಂದರೊಳಗೊಂದು ಇಪ್ಪತ್ತೊಂಬತ್ತು ಬಾಗಿಲು, ಒಂದರ ಹಿಂದೊಂದು ಇಪ್ಪತ್ತೊಂಬತ್ತು ಬೆಂಕಿ, ತುದಿಯಲ್ಲಿ ಎಳ್ಳುಕಾಳಿನಷ್ಟು ಸಣ್ಣಗೆ ಗುರುಶಾಂತಪ್ಪನವರ ಬೆನ್ನು.

ಅಷ್ಟರಲ್ಲಿ ಕಸ್ತೂರಿ ನನ್ನ ತೋಳು ಹಿಡಿದು, “ಅವ್ವಾ, ನೀರು ಹೋತು” ಎಂದಳು.

ನಾನು ಬಾಗಿಲಿಗೆ ಹೋಗಿ ಕೂಗಿದೆ. ಮೊದಲ ಕೋಣೆಯವರು ಎರಡನೆಯದಕ್ಕೆ ಕೂಗಿದರು. ಕೂಗು ತುದಿ ಮುಟ್ಟುವುದರೊಳಗೆ ಬಸಲಿಂಗವ್ವ ಹೊರಟಾಗಿತ್ತು. ಸೀರೆ ಎತ್ತಿಕಟ್ಟಿ, ಹೊಸ್ತಿಲಿಂದ ಹೊಸ್ತಿಲಿಗೆ ಒಂದೊಂದೇ ಜಿಗಿತ. “ಸರೀರಿ, ಸರೀರಿ, ಆ ಮಗು ಎತ್ಕೋ, ನಿನ್ನ ಸಾರು ಉಕ್ಕಾಕತ್ತೈತಿ ನೋಡು!” ಎಂದು ದಾರಿಯುದ್ದಕ್ಕೂ ಬಯ್ಯುತ್ತ ನಮ್ಮ ಮನೆಯೊಳಗೆ ಬಂದಿಳಿದಳು. ಬಾಗಿಲು ಮುಂದೆ ಮಾಡಿಕೊಂಡು ಕೂತಳು.

ಗಡ್ಡೆ ಬಾಯಿ ಬಿಟ್ಟದ್ದು ಕಸ್ತೂರಿಯ ನೋವು ಬಿಗಿಯಾದ ಹೊತ್ತಿಗೇ. ಅಂಥ ಸದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಕಿವಿಗೆ ಕೇಳುವುದಕ್ಕಿಂತ ಮೊದಲು ಅಂಗಾಲಿಗೆ ಕೇಳಿಸಿತು. ನೆಲ ಒಂದು ಗೇಣು ಸರಿಯಿತು. ಗೋಡೆಗೂಡಿನ ಪಾತ್ರೆಗಳೆಲ್ಲ ಸಾಲಾಗಿ ಹೊರಗೆ ಬಂದು, ಅವಸರವಿಲ್ಲದೆ ಕೆಳಗಿಳಿಯತೊಡಗಿದವು. ನಾವು ಹೊರಟೆವು ಅಂದುಕೊಂಡೆ. ಗೋಡೆಯೊಳಗೆ ಹಗ್ಗ ಬಿಗಿದು ಮಿಡಿದ ದನಿ ಸಣ್ಣಗೆ, ತಂಬೂರಿಯ ತಂತಿಯಂತೆ, ಈ ತುದಿಯಿಂದ ಆ ತುದಿಗೆ ಓಡಿತು. ಆಮೇಲೆ ಎಲ್ಲ ನಿಂತಿತು. ನೆಲವೂ ನಿಂತಿತು.

ಬಸಲಿಂಗವ್ವನ ಕಣ್ಣು ಒಂದು ಸಲ ಬಾಗಿಲಿನ ಕಡೆ ಹೋಗಿದ್ದನ್ನು ನಾನು ನೋಡಿದೆ. ಅವರ ಮನೆ ಇದೆಯೋ ಇಲ್ಲವೋ, ಒಲೆಯ ಮುಂದಿದ್ದವರು ಇದ್ದಾರೋ ಇಲ್ಲವೋ, ಆಕೆಗೆ ಗೊತ್ತಿರಲಿಲ್ಲ. ಕೈ ಮಾತ್ರ ಕೆಲಸ ಬಿಡಲಿಲ್ಲ. “ಇನ್ನೊಂದ ಸಲ, ನನ್ನವ್ವಾ, ಇನ್ನೊಂದ ಸಲ” ಎಂದಳು ಕಸ್ತೂರಿಗೆ. ಇನ್ನೊಂದು ಸಲಕ್ಕೆ ಕೂಸು ಹೊರಬಂತು. ಹೆಣ್ಣು. ಬಂದ ರಭಸಕ್ಕೆ ಸೂರಿನ ಕಡೆ ಹೊರಟಿದ್ದನ್ನು ಬಸಲಿಂಗವ್ವ ಎಡಗೈಯಲ್ಲಿ ಹಿಡಿದು ತಾಯಿಯ ಎದೆಯ ಮೇಲಿಟ್ಟಳು. ಎಲ್ಲ ಮುಗಿಸಿ, ಹೊಕ್ಕುಳು ಕಟ್ಟಿ, ಕೈ ತೊಳೆದುಕೊಂಡ ಮೇಲೆಯೇ ಬಾಗಿಲು ತೆರೆದು ಮೊದಲ ಕೋಣೆಯವರನ್ನು ಕೇಳಿದಳು.

“ನಮ್ಮ ಮನ್ಯಾವರು?”

ಮಾತು ಕೋಣೆಯಿಂದ ಕೋಣೆಗೆ ಹೋಯಿತು. ಕಾದೆವು. ಹದಿನೇಳನೆಯ ಕೋಣೆಯಲ್ಲಿ ಸ್ವಲ್ಪ ತಡವಾಯಿತು. ಆಮೇಲೆ ಉತ್ತರ ಬಾಯಿಂದ ಬಾಯಿಗೆ ಬರುವುದು ಕೇಳಿಸಿತು, ಅದರ ಜೊತೆಗೇ ನಗೆಯೂ ಬರುತ್ತಿತ್ತು. ಮೊದಲ ಕೋಣೆಯಾಕೆ ನಮ್ಮ ಕಡೆ ತಿರುಗಿದಳು.

“ಒಂದ ಹೆಂಚ ರೊಟ್ಟಿ ಹೊತ್ತಿ ಹೋದೂವಂತ. ಅದಕ್ಕ ಭಾಳ ಬ್ಯಾಸರ ಮಾಡ್ಕೊಂಡಾರಂತ. ಮತ್ತ ಕೂಸು ಏನು ಅಂತ ಕೇಳಾಕತ್ತಾರ.”

ಬಸಲಿಂಗವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತಳು, ನಲವತ್ತೊಂದು ವರ್ಷದಲ್ಲಿ ಆಕೆ ಅತ್ತದ್ದನ್ನು ನಾವು ನೋಡಿದ್ದು ಅದೇ ಮೊದಲು. ಆಮೇಲೆ ಮೂಗು ಸೆಳೆದುಕೊಂಡು, “ಹೆಣ್ಣು ಅಂತ ಹೇಳ್ರಿ!” ಎಂದು ಕೂಗಿ, ಕೂಗಿನ ಹಿಂದೆ ತಾನೇ ಹೊರಟಳು. ತಾಯಿ ಕೂಸನ್ನು ಮೊದಲ ಕೋಣೆಯಾಕೆಗೆ ಒಪ್ಪಿಸಿ ನಾನೂ ಆಕೆಯ ಹಿಂದೆ ಜಿಗಿದೆ. ಬರುವಾಗ ಬಯ್ದ ಕೋಣೆಗಳಲ್ಲೆಲ್ಲ ಹೋಗುವಾಗ ಆಕೆಯನ್ನು ತಡೆದು ಬಾಯಿಗೆ ಬೆಲ್ಲ ಹಾಕಿದರು. ಇಪ್ಪತ್ತೊಂಬತ್ತನೆಯ ಕೋಣೆಯಲ್ಲಿ ಬೆಲ್ಲ ಇರಲಿಲ್ಲ. ಮಾಸ್ತರರು ಚಹಾ ಕೊಟ್ಟರು. ಆಕೆ ಒಂದೇ ಗುಟುಕಿಗೆ ಕುಡಿದು, ಮುಖ ಹಿಂಡಿ, ಅವರ ತಲೆ ಸವರಿ ಮುಂದೆ ಹೋದಳು.

ಮನೆ ಇತ್ತು. ಹಿಂಭಾಗ ಮಾತ್ರ ಕರೀ ನೀರಿನ ಮೇಲೆ ಚಾಚಿಕೊಂಡು ನಿಂತಿತ್ತು, ಒಲೆ ಅದರ ಮೇಲೆಯೇ ಉರಿಯುತ್ತಿತ್ತು. ಗುರುಶಾಂತಪ್ಪ ಹಿಂದಿನ ಕಿಟಕಿಯ ಬಳಿ ನಿಂತು, ಹೊರಗೆ ನೋಡುತ್ತ, ಗಂಭೀರವಾಗಿ ಕೈ ಬೀಸುತ್ತಿದ್ದರು.

“ಯಾರಿಗ್ರೀ ಕೈ ಮಾಡಾಕತ್ತೀರಿ?” ಎಂದಳು ಬಸಲಿಂಗವ್ವ.

ನಾವು ಅವರ ಹೆಗಲ ಮೇಲಿಂದ ಇಣುಕಿದೆವು. ಹೊಗೆಯಾಡುವ ನೀರಿನ ಆಚೆ, ಕಳಚಿಕೊಂಡ ಗಡ್ಡೆ ದೊಡ್ಡವ್ವನ ಬೆಳಕಿನಲ್ಲಿ ಮೆಲ್ಲಗೆ ಸಾಗುತ್ತಿತ್ತು. ಅದರ ಮೇಲೆ ಅವರ ಹಿತ್ತಲಿನ ಬಟ್ಟೆ ಒಣಹಾಕುವ ಎರಡು ಕಂಬಗಳು ನಿಂತಿದ್ದವು. ನಡುವಿನ ಹಗ್ಗದ ಮೇಲೆ ಗುರುಶಾಂತಪ್ಪನವರ ಧೋತರವೊಂದು ಮರಗಟ್ಟಿ, ಮನುಷ್ಯನ ಹಾಗೆ ಸೆಟೆದು ನಿಂತು, ಊರು ಬಿಟ್ಟು ಹೋಗುತ್ತಿತ್ತು.

“ಈ ಹೊತ್ತು ನಾವು ಹೋಗಬೇಕಿತ್ತು,” ಎಂದರು ಗುರುಶಾಂತಪ್ಪ. “ನಮ್ಮ ಬದ್ಲಿ ಅದು ಹೋತು. ಕೈ ಮಾಡಿ ಕಳಿಸೂದು ಪದ್ಧತಿ ಅಲ್ಲೇನು?”

ಬಸಲಿಂಗವ್ವ ಗಂಡನನ್ನು ನೋಡಿದಳು, ಧೋತರವನ್ನು ನೋಡಿದಳು. ಆಮೇಲೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ತನ್ನ ಎರಡೂ ಅಗಲವಾದ ಕೈಗಳನ್ನೆತ್ತಿ ಬೀಸತೊಡಗಿದಳು. ಹಿಂದಿನ ಕೋಣೆಗಳ ಜನ ಏನಾಯಿತು ಏನಾಯಿತು ಎನ್ನುತ್ತ ಒತ್ತಿಕೊಂಡು ಬಂದರು. ಕಾರಣ ಗೊತ್ತಾದವರೂ ಬೀಸಿದರು, ಗೊತ್ತಾಗದವರೂ ಬೀಸಿದರು. ಧೋತರ ಕಣ್ಣಿಗೆ ಮರೆಯಾಗುವವರೆಗೂ ನಾವು ಬೀಸುತ್ತಲೇ ಇದ್ದೆವು.